ಜಾನ್ ಫೋರ್ಡ್ ಬರೀ ಕೌಬಾಯ್ ಚಿತ್ರಗಳ ನಿರ್ದೇಶಕರೇ?

ಜಾನ್ ಫೋರ್ಡ್ ಎಂದೊಡನೆ ಕುದುರೆ, ಧೂಳು, ಬಂದೂಕು. ಹಾಲಿವುಡ್‌ನ ಈ ನಿರ್ದೇಶಕರು ಹೆಸರು ಗಳಿಸಿದ್ದೆಲ್ಲ ಕೌಬಾಯ್ ಚಿತ್ರಗಳಿಂದಲೇ ಎಂದು ಬಹಳ ಜನ ನಂಬಿದ್ದಾರೆ. ಅವರಿಗೆ ಬಂದ ಆಸ್ಕರ್‌ಗಳನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಅವರಿಗೆ ನಾಲ್ಕು ಸಲ ಬಂತು; ಆ ದಾಖಲೆಯನ್ನು ಇನ್ನೂ ಯಾರೂ ಸರಿಗಟ್ಟಿಲ್ಲ. ‘ದಿ ಇನ್ಫಾರ್ಮರ್’ (1935) 20 ಪೌಂಡ್ ಆಸೆಗೆ ಗೆಳೆಯನನ್ನೇ ಹಿಡಿದುಕೊಟ್ಟ ಡಬ್ಲಿನ್‌ನ ಬಡವನ ಕಥೆ. ‘ದಿ ಗ್ರೇಪ್ಸ್ ಆಫ್ ರಾತ್’ (1940) ಜಮೀನು ಕಳೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟ ರೈತ ಕುಟುಂಬದ್ದು. ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ (1941) ವೇಲ್ಸ್‌ನ ಕಲ್ಲಿದ್ದಲು ಗಣಿಯವರದ್ದು. ‘ದಿ ಕ್ವೈಟ್ ಮ್ಯಾನ್’ (1952) ಐರ್ಲೆಂಡಿನ ಹಳ್ಳಿಯ ಪ್ರೇಮಕಥೆ. ಪ್ರಶಸ್ತಿ ತಂದ ಈ ನಾಲ್ಕರಲ್ಲಿ ಒಂದರಲ್ಲೂ ಕೌಬಾಯ್ ಇಲ್ಲ! 1926ರ ‘3 ಬ್ಯಾಡ್ ಮೆನ್’ ಆದ ಮೇಲೆ 1939ರ ‘ಸ್ಟೇಜ್‌ಕೋಚ್’ವರೆಗೆ ಅವರು ಆ ಬಗೆಯ ಚಿತ್ರವನ್ನೇ ಮಾಡಲಿಲ್ಲ.

‘ಸ್ಟೇಜ್‌ಕೋಚ್’ ನಟ ಜಾನ್ ವೇನ್ ಅವರ ಮೊದಲ ಚಿತ್ರ ಎನ್ನುವುದೂ ತಪ್ಪು. 1930ರಲ್ಲೇ ಅವರು ‘ದಿ ಬಿಗ್ ಟ್ರೇಲ್’ ನಾಯಕ. ಅದು ಸೋತಿತು, ಮುಂದೆ ವರ್ಷಗಟ್ಟಲೆ ಅಗ್ಗದ ಚಿತ್ರಗಳಲ್ಲಿ ದುಡಿದರು. ಫೋರ್ಡ್ ಕೊಟ್ಟದ್ದು ಮರುಹುಟ್ಟು.

ಒಂದೆರಡು ಟೇಕ್‌ಗೆ ಸಾಕು ಎನ್ನುತ್ತಿದ್ದ ಫೋರ್ಡ್ ಅವಸರದ ಮನುಷ್ಯ ಎಂಬ ಮಾತೂ ಇದೆ. ಅದು ಅವಸರವಲ್ಲ, ಲೆಕ್ಕಾಚಾರ. ಬೇಕಾದಷ್ಟನ್ನೇ ಚಿತ್ರೀಕರಿಸಿದರೆ ಸ್ಟುಡಿಯೊದವರು ಎಡಿಟಿಂಗ್‌ನಲ್ಲಿ ಬೇರೆ ಥರ ಜೋಡಿಸಲು ಹೆಚ್ಚಿನ ಶಾಟ್‌ಗಳೇ ಸಿಗುವುದಿಲ್ಲ. ಶಾಟ್ ಕಟ್ಟುವುದರಲ್ಲೂ ಅದೇ ಲೆಕ್ಕಾಚಾರ. ‘ದಿ ಸರ್ಚರ್ಸ್’ (1956) ಕೊನೆಯ ದೃಶ್ಯ ನೋಡಿ: ಮನೆಯೊಳಗಿಟ್ಟ ಕ್ಯಾಮೆರಾ, ಕತ್ತಲ ಬಾಗಿಲ ಚೌಕಟ್ಟು, ಆಚೆ ಬಿಸಿಲಲ್ಲಿ ವೇನ್. ಎಡಗೈಯಿಂದ ಬಲ ಮೊಣಕೈ ಹಿಡಿದು ನಿಲ್ಲುತ್ತಾರೆ. ಅದು ಮೂಕಿ ಕಾಲದಲ್ಲಿ ಫೋರ್ಡ್ ಚಿತ್ರಗಳ ನಾಯಕರಾಗಿದ್ದ ಹ್ಯಾರಿ ಕೆರಿ ಅವರ ಭಂಗಿ. ಕೆರಿ ತೀರಿಕೊಂಡಿದ್ದರು, ಅವರ ಪತ್ನಿ ಆಲಿವ್ ಇದೇ ಚಿತ್ರದಲ್ಲಿ ನಟಿಸಿದ್ದರು. ಇಂದು ಮೇರುಕೃತಿ ಎನಿಸಿಕೊಂಡ ಈ ಚಿತ್ರಕ್ಕೆ ಒಂದೂ ಆಸ್ಕರ್ ನಾಮನಿರ್ದೇಶನ ಸಿಗಲಿಲ್ಲ.

ಅಮೆರಿಕದ ಮೂಲನಿವಾಸಿಗಳನ್ನು ಫೋರ್ಡ್ ಸದಾ ಖಳರಾಗಿಯೇ ತೋರಿಸಿದರು ಎಂಬ ಆರೋಪಕ್ಕೆ ಮಾತ್ರ ಅರ್ಧ ಆಧಾರವಿದೆ. ‘ಸ್ಟೇಜ್‌ಕೋಚ್’ನಲ್ಲಿ ಅಪಾಚೆಗಳಿಗೆ ಮುಖವೇ ಇಲ್ಲ, ದಾಳಿಯಷ್ಟೇ ಇದೆ. ‘ಫೋರ್ಟ್ ಅಪಾಚೆ’ (1948) ಹೊತ್ತಿಗೆ ತಪ್ಪು ಸೇನಾಧಿಕಾರಿಯ ಅಹಂಕಾರದ್ದು ಎಂದು ತೋರಿಸಿದರು. ‘ಶೈಯೆನ್ ಆಟಮ್’ (1964) ಪೂರ್ತಿ ಶೈಯೆನ್ ಜನರ ನೋವಿನ ಪರವಾಗಿದೆ. ಆದರೂ ಅದರಲ್ಲಿ ಶೈಯೆನ್ನರ ಮುಖ್ಯ ಪಾತ್ರಗಳು ಹೊರಗಿನ ನಟರಿಗೇ ಹೋದವು. ಫೋರ್ಡ್ ಅವರನ್ನು ಎಷ್ಟೇ ಮೆಚ್ಚಿದರೂ ಈ ಲೋಪವನ್ನು ನಾನು ಒಪ್ಪಲಾರೆ.