ಇಂಜಿನ್ನಿಗೆ ಹೊಸ 'ಮಿದುಳು': ಕೂರಿಸುವ ಮುಂಚೆ ನಾಲ್ಕು ಮಾತು

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಎದೆ ನಡುಗಿಸಿ ಹಾದುಹೋಗುವ ಕಾರುಗಳುಂಟಲ್ಲ, ಅವುಗಳ ಗುಟ್ಟು ಸೈಲೆನ್ಸರಿನಲ್ಲಷ್ಟೇ ಇಲ್ಲ. ಹಿಂದೆ ಕಾರ್ಬುರೇಟರಿನ ಜೆಟ್ ಬದಲಿಸಿದರೆ ಆಗುತ್ತಿತ್ತು. ಈಗ ಮೇಸ್ತ್ರಿಯ ಕೈಗೆ ಸ್ಪ್ಯಾನರ್ ಜತೆ ಲ್ಯಾಪ್‌ಟಾಪೂ ಬಂದಿದೆ. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ಲೆಕ್ಕ ಹಾಕುವುದು 'ಇಸಿಯು' ಎಂಬ ಪುಟ್ಟ ಪೆಟ್ಟಿಗೆ.

ಇದನ್ನು ಬದಲಿಸಲು ದಾರಿ ಮೂರು. ಕಂಪನಿಯ ಪೆಟ್ಟಿಗೆಯಲ್ಲೇ ಲೆಕ್ಕ ತಿದ್ದುವುದು 'ರೀಮ್ಯಾಪ್'. ಸೆನ್ಸರಿನ ಸುದ್ದಿಯನ್ನು ನಡುವೆ ತಡೆದು ತಿರುಚುವುದು 'ಪಿಗ್ಗಿಬ್ಯಾಕ್'. ಹಳೆಯದನ್ನು ಕಿತ್ತು ಹೊಸದನ್ನೇ ಕೂರಿಸುವುದು 'ಸ್ಟ್ಯಾಂಡ್‌ಅಲೋನ್'. ಕೊನೆಯದು ರೇಸಿಗೆ ಸರಿ. ಇಂದಿನ ಕಾರಿನಲ್ಲಿ ಮೀಟರು, ಎಬಿಎಸ್ ಎಲ್ಲ ಮೂಲ ಪೆಟ್ಟಿಗೆಯ ಜತೆ ಮಾತಾಡುತ್ತಿರುತ್ತವೆ. ಕಿತ್ತರೆ ಒಂದಲ್ಲ ಒಂದು ಮುನಿಸಿಕೊಳ್ಳುತ್ತೆ.

"ಪವರ್ ಬಂತಾ?" ಅನ್ನೋದಷ್ಟೇ ಪ್ರಶ್ನೆಯಲ್ಲ. 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆಕ್ಸಿಲೇಟರ್ ಪೂರ್ತಿ ತುಳಿದಾಗ ಪೆಟ್ರೋಲ್ ಇನ್ನೂ ಹೆಚ್ಚು ಬೇಕು. ಅದನ್ನು ಕಡಿಮೆ ಮಾಡಿ, ಕಿಡಿಯನ್ನೂ ಮುಂಚೆ ಹಾರಿಸಿದರೆ ಇಂಜಿನ್ 'ನಾಕ್' ಹೊಡೆದು ಪಿಸ್ಟನ್ನೇ ತೂತಾದೀತು.

ಅಪ್‌ಡೇಟ್ ಮಾಡಿಸುವವರು ಮೊದಲು ಹಳೆಯ ಮ್ಯಾಪಿನ ನಕಲು ತೆಗೆದಿಡಬೇಕು. ಬ್ಯಾಟರಿಗೆ ಚಾರ್ಜರ್ ಹಚ್ಚಿರಬೇಕು. ನಡುವೆ ವೋಲ್ಟೇಜ್ ಕುಸಿದರೆ ಪೆಟ್ಟಿಗೆಯೇ ಸತ್ತುಹೋಗಬಹುದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ 6 ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂ. ದಂಡ, ಅಥವಾ ಎರಡೂ. ವಾರಂಟಿಯೂ ಕೈತಪ್ಪೀತು.

ಮೇಸ್ತ್ರಿ ಬಿಲ್ಲು ಹರಿದುಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಪಿಸ್ಟನ್ನಿನ ಖರ್ಚು, ಕೋರ್ಟಿನ ಅಲೆದಾಟ ಎರಡೂ ಮಾಲೀಕನ ತಲೆಮೇಲೆ.