ಎರಡೂವರೆಯಿಂದ ಆರೂವರೆ: ಡೇಕೇರ್‌ಗೆ ಎಷ್ಟು ಕೊಟ್ಟರೆ ನ್ಯಾಯ?

ಮೇ ತಿಂಗಳ ಕೊನೆ ವಾರ ನಮ್ಮ ಡೇಕೇರ್ ಪೇರೆಂಟ್ಸ್ ಗ್ರೂಪಿಗೆ ಮೇಡಂ ಒಂದು ಮೆಸೇಜ್ ಹಾಕಿದರು. ಜೂನ್‌ನಿಂದ ತಿಂಗಳ ಫೀ 6500 ಅಲ್ಲ, 8000. ಕೊನೆಗೊಂದು ಕೈಮುಗಿಯುವ ಇಮೋಜಿ. ಹತ್ತೇ ನಿಮಿಷದಲ್ಲಿ ಗ್ರೂಪು ಧಗಧಗ. ‘ಟಿವಿ ಹಾಕಿ ಕೂರಿಸೋದಕ್ಕೆ 8000ನಾ?’ ಅಂದರು ಒಬ್ಬರು. ‘ಸ್ಕೂಲ್ ಫೀ ಕಟ್ಟಿ ಈಗಷ್ಟೇ ಉಸಿರು ಬಿಟ್ಟಿದೀವಿ’ ಅಂದರು ಇನ್ನೊಬ್ಬರು. ಪಕ್ಕದ ರೋಡಲ್ಲಿ 5000ಕ್ಕೆ ಸಿಗತ್ತಂತೆ ಅನ್ನೋ ಸುದ್ದಿಯೂ ಬಂತು. ಯಾವ ಮನೆ, ಯಾರು ನಡೆಸ್ತಾರೆ ಅಂತ ಕೇಳಿದರೆ ಉತ್ತರ ಇಲ್ಲ. ಇಷ್ಟರ ಮಧ್ಯೆ ಒಬ್ಬ ಅಪ್ಪ ಮಾತ್ರ ಸರಿಯಾದ ಪ್ರಶ್ನೆ ಕೇಳಿದ್ದರು: ‘ನ್ಯಾಯವಾದ ರೇಟು ಅಂದ್ರೆ ಎಷ್ಟು? ಯಾರಾದ್ರೂ ಲೆಕ್ಕ ಹಾಕಿದೀರಾ?’

ಲೆಕ್ಕ ಅಂದ ಕೂಡಲೇ ಎಕ್ಸೆಲ್ ತೆರೆಯೋದು ನನ್ನಂಥ ಐಟಿಯವರ ಹುಟ್ಟುಗುಣ. ತೆರೆದೆ.

ನಮ್ಮ ಮನೆ ಪರಿಸ್ಥಿತಿ ಮೊದಲು ಹೇಳಿಬಿಡ್ತೀನಿ. ಮಗಳು ಒಂದನೇ ಕ್ಲಾಸು, ಎರಡೂವರೆಗೆ ಸ್ಕೂಲು ಬಿಡತ್ತೆ. ನಾವಿರೋದು ವಿಜಯನಗರದಲ್ಲಿ, ನನ್ನ ಆಫೀಸು ವೈಟ್‌ಫೀಲ್ಡ್‌ನಲ್ಲಿ. 2023ರಲ್ಲಿ ನೇರಳೆ ಮೆಟ್ರೋ ಪೂರ್ತಿ ಆದ ಮೇಲೆ ಜೀವ ಎಷ್ಟೋ ಹಗುರ ಆಯ್ತು. ಆದರೂ ಬಾಗಿಲಿಂದ ಬಾಗಿಲಿಗೆ ಒಂದೂಕಾಲು ಗಂಟೆ ಬೇಕು. ಗಂಡನ ಆಫೀಸು ಇನ್ನೊಂದು ದಿಕ್ಕು. ಅಂದರೆ ದಿನಾ ಎರಡೂವರೆಯಿಂದ ಆರೂವರೆವರೆಗೆ ನಾಲ್ಕು ಗಂಟೆ ನಮ್ಮ ಮಗಳನ್ನ ಬೇರೆಯವರು ನೋಡ್ಕೋಬೇಕು. ತಿಂಗಳಿಗೆ 22 ದಿನ ಅಂತಿಟ್ಟುಕೊಂಡರೆ 88 ಗಂಟೆ. 6500 ರೂಪಾಯಿ ಭಾಗಿಸು 88. ಗಂಟೆಗೆ 74 ರೂಪಾಯಿ. 8000 ಆದರೆ 91.

ಗಂಟೆಗೆ 91 ಅಂದಾಗ ಗ್ರೂಪಿನ ಕಾವು ಸ್ವಲ್ಪ ಇಳೀತು. ಮಾಲ್‌ನಲ್ಲಿ ಸಿನಿಮಾ ಮುಗಿಸಿ ಬರೋವಷ್ಟರಲ್ಲಿ ಕಾರ್ ಪಾರ್ಕಿಂಗ್‌ಗೆ ಎಷ್ಟು ಕೊಡ್ತೀವಿ ಅಂತ ನೆನಪಿಸಿಕೊಳ್ಳಿ. ಅಲ್ಲಿ ಕಾರಿಗೆ ಯಾರೂ ತಿಂಡಿ ಕೊಡಲ್ಲ, ಮೂಗು ಒರೆಸಲ್ಲ.

ಆದರೆ ಗಂಟೆ ಲೆಕ್ಕ ಅರ್ಧ ಲೆಕ್ಕ ಅಷ್ಟೇ. ನಾವು ಕೊಡೋ ದುಡ್ಡು ಎಲ್ಲಿ ಹೋಗತ್ತೆ ಅನ್ನೋದು ಉಳಿದರ್ಧ. ನಾವು ಮೂವರು ಪೇರೆಂಟ್ಸ್ ಒಂದು ಶನಿವಾರ ಮೇಡಂ ಹತ್ತಿರ ಹೋಗಿ ಕೂತು ಕೇಳಿದೆವು. ಅವರು ಮುಖ ಗಂಟಿಕ್ಕಬಹುದು ಅಂದುಕೊಂಡಿದ್ದೆವು, ಅವರು ಸೀದಾ ನೋಟ್‌ಬುಕ್ ತೆಗೆದು ಮುಂದಿಟ್ಟರು.

ಇರೋ ಮಕ್ಕಳು 24. ಮೊನ್ನೆವರೆಗೆ ತಿಂಗಳ ವಸೂಲಿ 1,56,000. ನೆಲಮಹಡಿ ಮನೆಯ ಬಾಡಿಗೆ 45,000. ಮಕ್ಕಳನ್ನ ನೋಡ್ಕೊಳ್ಳೋ ಅಕ್ಕಂದಿರು ನಾಲ್ಕು ಜನ, ತಲಾ 14,000. ಹೋಂವರ್ಕ್ ಮಾಡಿಸೋ ಟೀಚರ್‌ಗೆ 20,000. ಸಂಜೆ ತಿಂಡಿ, ಹಾಲು, ಹಣ್ಣಿಗೆ 13,000. ಕರೆಂಟು, ನೀರು, ಗ್ಯಾಸು, ಫಿನಾಯಿಲು ಎಲ್ಲಾ ಸೇರಿ 9,000. ಕೂಡಿಸಿದರೆ 1,43,000. ಉಳಿಯೋದು 13,000. ಏಪ್ರಿಲ್-ಮೇನಲ್ಲಿ ಅರ್ಧ ಮಕ್ಕಳು ಅಜ್ಜಿ ಊರಿಗೆ ಹೋದಾಗ ಅದೂ ಇಲ್ಲ. ಆಗ ಬಾಡಿಗೆ ಮಾತ್ರ ರಜೆ ತಗೊಳ್ಳಲ್ಲ.

ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಸಾಲಿನ ಮೇಲೆ. ನಾಲ್ಕು ಅಕ್ಕಂದಿರು, 24 ಮಕ್ಕಳು. ಒಬ್ಬೊಬ್ಬರಿಗೆ ಆರು ಮಕ್ಕಳು. 14,000ವನ್ನ ಆರರಿಂದ ಭಾಗಿಸಿದರೆ ಸುಮಾರು 2,330. ಅಂದರೆ ನಾನು ಕೊಡ್ತಿದ್ದ 6500ರಲ್ಲಿ, ನನ್ನ ಮಗಳ ಜಡೆ ಸರಿ ಮಾಡಿ, ಬಿದ್ದಾಗ ಎತ್ತಿಕೊಂಡು, ವಾಂತಿ ಮಾಡಿಕೊಂಡರೆ ಬಟ್ಟೆ ಬದಲಾಯಿಸೋ ಹೆಂಗಸಿಗೆ ಸೇರ್ತಾ ಇದ್ದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದರಲ್ಲಿ ದೊಡ್ಡ ಪಾಲು ಗೋಡೆಗೆ.

ಇದು ಯಾಕೆ ಮುಖ್ಯ ಅಂದರೆ, ಹೋದ ವರ್ಷ ನನ್ನ ಮಗಳಿಗೆ ಮೂರು ಸಲ ಅಕ್ಕ ಬದಲಾದರು. ಮೊದಲನೇ ಅಕ್ಕನಿಗೆ ಇವಳು ಅಂಟಿಕೊಂಡಿದ್ದಳು. ಅಪಾರ್ಟ್‌ಮೆಂಟ್‌ನಲ್ಲಿ ಎರಡು ಮನೆ ಅಡುಗೆ ಕೆಲಸ, 18,000 ಸಂಬಳ ಸಿಕ್ಕಿತು ಅಂತ ಅವರು ಹೋದರು. ಹೋಗದೆ ಇನ್ನೇನು ಮಾಡ್ತಾರೆ? ನನಗೆ ಯಾರಾದರೂ ಶೇ. 30 ಹೈಕ್ ಕೊಡ್ತೀನಿ ಅಂದರೆ ನಾನು ಮ್ಯಾನೇಜರ್ ಮುಖ ನೋಡಿಕೊಂಡು ಕೂತಿರ್ತೀನಾ? ಆದರೆ ಆಮೇಲೆ ಎರಡು ವಾರ ಮಗಳು ಅಲ್ಲಿ ತಿಂಡಿ ಮುಟ್ಟಲಿಲ್ಲ. ರಾತ್ರಿ ಎದ್ದು ಕೂತು ‘ನಾಳೆ ಅಕ್ಕ ಬರ್ತಾರಾ’ ಅಂತ ಕೇಳ್ತಿದ್ದಳು. ಕಡಿಮೆ ಫೀ ಅಂತ ನಾವು ಉಳಿಸಿದ ದುಡ್ಡಿನ ಬಿಲ್ಲು ಹೀಗೆ ಬರತ್ತೆ, ಮಗುವಿನ ಹೆಸರಿಗೆ.

ಹಾಗಂತ ಮೇಡಂ ಹೇಳಿದ 8000ಕ್ಕೆ ಕಣ್ಣುಮುಚ್ಚಿ ಹೂಂ ಅನ್ನಬೇಕಾ? ಇಲ್ಲ. ಏರಿಕೆ ತಲಾ 1500. 24 ಮಕ್ಕಳಿಂದ 36,000. ಬಾಡಿಗೆ 3,000 ಜಾಸ್ತಿ ಆಗಿದೆ, ಒಪ್ಪಿದೆವು. ಅಕ್ಕಂದಿರಿಗೆ ಎಷ್ಟು ಅಂತ ಕೇಳಿದರೆ ‘ನೋಡೋಣ’ ಅಂದರು. ಆ ‘ನೋಡೋಣ’ ಹತ್ತಿರವೇ ಮಾತು ನಿಂತಿತು. ಕೊನೆಗೆ ಆದ ಒಪ್ಪಂದ: ಫೀ 7500, ನಾಲ್ಕೂ ಅಕ್ಕಂದಿರಿಗೆ ತಲಾ 17,000, ಹೊಸಬರು ಬಂದರೆ ಪೇರೆಂಟ್ಸ್‌ಗೆ ಒಂದು ವಾರ ಮುಂಚೆ ತಿಳಿಸಬೇಕು. ಈ ರೇಟಿನಲ್ಲಿ ಎಲ್ಲಾ ಖರ್ಚು ಕಳೆದು ಮೇಡಂ ಕೈಯಲ್ಲಿ ಉಳಿಯೋದು 22,000. ಬೆಳಗ್ಗೆಯಿಂದ ರಾತ್ರಿವರೆಗೆ 24 ಮಕ್ಕಳ ಜವಾಬ್ದಾರಿ ಹೊರೋರಿಗೆ ಅದು ಜಾಸ್ತಿಯೇನಲ್ಲ, ನನ್ನ ಪ್ರಕಾರ ಇನ್ನೂ ಕಮ್ಮಿಯೇ. ಇಬ್ಬರು ಪೇರೆಂಟ್ಸ್ ಮಕ್ಕಳನ್ನ ಬಿಡಿಸಿಕೊಂಡು ಹೋದರು.

ಯಾರ ಸಂಬಳದಿಂದ ಕಳೀಬೇಕು?

ಡೇಕೇರ್ ಫೀ ಜಾಸ್ತಿಯಾ ಕಮ್ಮಿಯಾ ಅನ್ನೋದನ್ನ ಮನೆಗಳಲ್ಲಿ ಅಳೆಯೋ ಕ್ರಮ ವಿಚಿತ್ರ. ಒಂದು ಮದುವೆ ಮನೆಯಲ್ಲಿ ದೊಡ್ಡಮ್ಮ ನನ್ನ ಪಕ್ಕ ಕೂತು ಕೇಳಿದರು, ‘ನಿನ್ನ ಸಂಬಳದಲ್ಲಿ ಅದಕ್ಕೇ ಇಷ್ಟು ಹೋದ್ರೆ ನಿನಗೇನೇ ಉಳಿಯತ್ತೆ? ಮಗು ನೋಡ್ಕೊಂಡು ಮನೇಲಿರಬಾರದಾ?’ ಪ್ರೀತಿಯಿಂದಲೇ ಕೇಳಿದ್ದು. ಆದರೆ ನನ್ನ ಗಂಡನೂ ಅಲ್ಲೇ ಪಾಯಸ ಬಡಿಸಿಕೊಳ್ತಾ ಇದ್ದರು, ಅವರಿಗೆ ಈ ಪ್ರಶ್ನೆ ಬರಲಿಲ್ಲ. ಮನೆ ಬಾಡಿಗೆ ಇಬ್ಬರದು, ಕಾರಿನ ಇಎಂಐ ಇಬ್ಬರದು, ಡೇಕೇರ್ ಫೀ ಮಾತ್ರ ಅಮ್ಮನ ಸಂಬಳದ ಮೇಲಿನ ತೆರಿಗೆ ಥರ.

ನನ್ನ ಕೈಗೆ ಬರೋದು 62,000. 7500 ಅಂದರೆ ಅದರ ಶೇ. 12. ಇಬ್ಬರ ಸಂಬಳ ಸೇರಿಸಿದರೆ ಒಂದು ಲಕ್ಷದ ನಲವತ್ತು ಸಾವಿರ, ಆಗ ಅದೇ 7500 ಶೇ. 5ಕ್ಕಿಂತ ಸ್ವಲ್ಪ ಹೆಚ್ಚು. ಫೀ ಬದಲಾಗಲಿಲ್ಲ, ಯಾವುದರ ಪಕ್ಕ ಇಟ್ಟು ನೋಡ್ತೀವಿ ಅನ್ನೋದು ಬದಲಾಯ್ತು. ಕೆಲಸ ಬಿಡಬೇಕಾ ಬೇಡವಾ ಅನ್ನೋ ತೀರ್ಮಾನ ಎಷ್ಟೋ ಮನೆಗಳಲ್ಲಿ ಈ ಭಾಗಾಕಾರದ ಮೇಲೇ ನಿಂತಿರತ್ತೆ. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಇಬ್ಬರು ಗೆಳತಿಯರು ಹೀಗೇ ಬಿಟ್ಟರು. ಮಗು ಐದನೇ ಕ್ಲಾಸಿಗೆ ಬಂದಾಗ ವಾಪಸ್ ಹೋಗೋಣ ಅಂದರೆ ‘ಗ್ಯಾಪ್ ಯಾಕೆ’ ಅಂತ ಇಂಟರ್‌ವ್ಯೂನಲ್ಲಿ ಕೇಳ್ತಾರೆ. ಆ ಗ್ಯಾಪ್‌ನ ಬೆಲೆ ಯಾವ ಎಕ್ಸೆಲ್ ಸಾಲಿನಲ್ಲೂ ಇರಲ್ಲ.

ಇನ್ನು ‘ಅಜ್ಜಿ ಇದಾರಲ್ಲ’ ಅನ್ನೋ ಮಾತು. ಅಜ್ಜಿ ಅಂದರೆ ಫ್ರೀ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಅತ್ತೆ ಅರಸೀಕೆರೆಯಿಂದ ಬಂದು ಎರಡು ತಿಂಗಳು ಇದ್ದರು. ಮೊಮ್ಮಗಳ ಜೊತೆ ಖುಷಿಯಾಗೇ ಇದ್ದರು. ಆದರೆ ಮಂಡಿ ನೋವಿನಲ್ಲಿ ದಿನಾ ಮೂರು ಮಹಡಿ ಹತ್ತಿ ಇಳೀಬೇಕು, ಊರಲ್ಲಿ ತೆಂಗಿನ ತೋಟ, ಹಸು, ಒಂಟಿಯಾಗಿರೋ ಮಾವ. ‘ನನ್ನ ಮನೇಲೂ ಒಂದು ಜೀವ ಐತಲ್ಲಮ್ಮ’ ಅಂತ ಹೊರಟರು. ಸಂಬಳ ಕೇಳದವರ ಕೆಲಸಕ್ಕೂ ಬೆಲೆ ಇರತ್ತೆ, ಕೊಡೋರು ಅವರೇ ಆಗಿರ್ತಾರೆ ಅಷ್ಟೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವಯಸ್ಸಿನವರಲ್ಲಿ ಮನೆಯವರ ಆರೈಕೆ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡ್ತಾರೆ, ಗಂಡಸರು 74 ನಿಮಿಷ. ಅರವತ್ತು ದಾಟಿದ ನಮ್ಮ ಅತ್ತೆಯಂಥವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಆರು ವರ್ಷ ಆದಮೇಲೆ ಯಾರೂ ಇಲ್ಲ

ಕಾನೂನು ಏನು ಹೇಳತ್ತೆ ಅಂತ ಹುಡುಕಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಪ್ರಕಾರ 50 ಅಥವಾ ಹೆಚ್ಚು ಜನ ಇರೋ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. 1948ರ ಕಾರ್ಖಾನೆ ಕಾಯ್ದೆಯಲ್ಲೂ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಇಂಥದ್ದೇ ನಿಯಮ ಇತ್ತು, ಆರು ವರ್ಷದೊಳಗಿನ ಮಕ್ಕಳಿಗೆ. ಅಂಗನವಾಡಿಯೂ ಆರು ವರ್ಷದವರೆಗೆ. ನಮ್ಮ ರಾಜ್ಯದ ‘ಕೂಸಿನ ಮನೆ’ಯೂ ಹೆಸರೇ ಹೇಳೋ ಹಾಗೆ ಪುಟಾಣಿಗಳಿಗೆ, ಅದೂ ಗ್ರಾಮ ಪಂಚಾಯಿತಿಗಳಲ್ಲಿ. ಎಲ್ಲ ಒಳ್ಳೆಯವೇ. ಆದರೆ ಮಗು ಸ್ಕೂಲಿಗೆ ಸೇರಿದ ದಿನ ಎಲ್ಲರ ಜವಾಬ್ದಾರಿ ಮುಗೀತು. ಆರು ವರ್ಷದ ಮಗು ಎರಡೂವರೆಗೆ ಗೇಟಿನ ಹೊರಗೆ ಬಂದರೆ ಏನು ಮಾಡಬೇಕು ಅನ್ನೋದು ಅಪ್ಪ ಅಮ್ಮನ ತಲೆನೋವು.

ಆಫೀಸಿನ ಸ್ವೀಡನ್ ಪ್ರಾಜೆಕ್ಟ್‌ಗೆ ಹೋದ ಸಹೋದ್ಯೋಗಿಯೊಬ್ಬರು ಅಲ್ಲಿನ ಕಥೆ ಹೇಳ್ತಿದ್ದರು. ಅಲ್ಲಿ 2002ರಿಂದ ಫೀಗೆ ಗರಿಷ್ಠ ಮಿತಿ ಇದೆ. ಶಾಲೆ ಮುಗಿದ ಮೇಲಿನ ಆರೈಕೆಗೆ ಮೊದಲ ಮಗುವಿಗೆ ಕುಟುಂಬದ ಆದಾಯದ ಶೇ. 2, ಎರಡನೇ ಮಗುವಿಗೆ ಶೇ. 1. ಆದಾಯ ಎಷ್ಟೇ ಇದ್ದರೂ ಒಂದು ಮೊತ್ತಕ್ಕಿಂತ ಮೇಲೆ ಹೋಗಲ್ಲ. ಉಳಿದದ್ದು ತೆರಿಗೆ ದುಡ್ಡಿನಿಂದ. ಗಮನಿಸಿ, ಅಲ್ಲಿ ಲೆಕ್ಕ ಕುಟುಂಬದ ಆದಾಯದ ಮೇಲೆ, ಅಮ್ಮನ ಸಂಬಳದ ಮೇಲಲ್ಲ. ಅಷ್ಟು ತೆರಿಗೆ ನಾವು ಕಟ್ಟಲ್ಲ, ಆ ಮಾತು ಬೇರೆ.

ಸರ್ಕಾರ ಇಲ್ಲದ ಕಡೆ ಬೆಂಗಳೂರಿಗರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಸೋಮವಾರ ಅಬಾಕಸ್, ಮಂಗಳವಾರ ಭರತನಾಟ್ಯ, ಬುಧವಾರ ಚೆಸ್, ಮಧ್ಯೆ ಮಧ್ಯೆ ಟ್ಯೂಷನ್. ಮಗುವಿಗೆ ಅಬಾಕಸ್ ಬೇಕಾಗಿತ್ತೋ, ನಮಗೆ ಗಡಿಯಾರದಲ್ಲಿ ಆರೂವರೆ ಆಗೋದು ಬೇಕಾಗಿತ್ತೋ! ಎಲ್ಲ ಕೂಡಿಸಿದರೆ ಡೇಕೇರ್‌ಗಿಂತ ಜಾಸ್ತಿ ಬೀಳತ್ತೆ, ಆದರೆ ಮಗು ಏನೋ ‘ಕಲೀತಿದೆ’ ಅನ್ನೋ ಸಮಾಧಾನಕ್ಕೆ ಯಾರೂ ಗೊಣಗಲ್ಲ. ಕಲಿಸೋರಿಗೆ ಕೊಡೋಕೆ ಮನಸ್ಸು ಬರತ್ತೆ, ನೋಡ್ಕೊಳ್ಳೋರಿಗೆ ಬರಲ್ಲ. ಪಕ್ಕದ ಮನೆ ಆಂಟಿ ಹತ್ತಿರ ಬಿಟ್ಟರೆ 3500-4000ಕ್ಕೆ ಆಗತ್ತೆ, ಒಳ್ಳೆಯವರು ಸಿಕ್ಕರೆ ಅದರಂಥ ಸುಖ ಇಲ್ಲ. ಆಂಟಿ ನೆಂಟರ ಮದುವೆಗೆ ಹೊರಟ ದಿನ ಮಾತ್ರ ನೀವು ರಜೆ ಹಾಕಬೇಕು. ನಮ್ಮ ಕಡೆ ದೊಡ್ಡ ಬ್ರ್ಯಾಂಡಿನ ಸೆಂಟರ್‌ಗಳು 12-13 ಸಾವಿರ ಹೇಳ್ತವೆ. ಎಸಿ, ಆ್ಯಪು, ಕ್ಯಾಮೆರಾ ಎಲ್ಲ ಇರತ್ತೆ. ಅಲ್ಲೂ ಅಕ್ಕನ ಸಂಬಳ ಎಷ್ಟು ಅಂತ ಕೇಳಿ ನೋಡಿ, ರಿಸೆಪ್ಷನ್‌ನಲ್ಲಿ ಮಾತು ನಿಲ್ಲತ್ತೆ.

ಲೇಟ್ ಫೀ ಬಗ್ಗೆ ಒಂದು ಮಾತು. ನಮ್ಮಲ್ಲಿ ಆರೂವರೆ ದಾಟಿದರೆ ಅರ್ಧ ಗಂಟೆಗೆ 100 ರೂಪಾಯಿ ಅಂತ ಈ ಸಲ ಸೇರಿಸಿದರು. ಇಸ್ರೇಲ್‌ನ ಹೈಫಾದಲ್ಲಿ ಹತ್ತು ಡೇಕೇರ್‌ಗಳಲ್ಲಿ ನಡೆದ ಪ್ರಯೋಗವೊಂದು ಇದೇ ವಿಷಯದ್ದು. ಗ್ನೀಝಿ ಮತ್ತು ರುಸ್ಟಿಕಿನಿ ಅನ್ನೋ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ್ದು. ಲೇಟಾಗಿ ಬಂದವರಿಗೆ ದಂಡ ಹಾಕಿದರೆ ಲೇಟಾಗಿ ಬರೋರು ಕಮ್ಮಿ ಆಗಲಿಲ್ಲ, ಹೆಚ್ಚುಕಮ್ಮಿ ಎರಡರಷ್ಟಾದರು. ಮೊದಲು ‘ಪಾಪ, ಟೀಚರ್ ಕಾಯ್ತಿರ್ತಾರೆ’ ಅಂತ ಓಡಿ ಬರ್ತಿದ್ದವರು ಆಮೇಲೆ ದುಡ್ಡು ಕೊಡ್ತೀವಲ್ಲ ಅಂತ ನಿಧಾನ ಮಾಡಿದರು. ದಂಡ ತೆಗೆದ ಮೇಲೂ ಹಳೇ ಅಭ್ಯಾಸ ವಾಪಸ್ ಬರಲಿಲ್ಲ. ನಮ್ಮ ಗ್ರೂಪಿನಲ್ಲೂ ಮೊದಲ ವಾರವೇ ‘ನೂರು ತಾನೇ, ಕೊಟ್ಟರಾಯ್ತು’ ಅನ್ನೋ ಮೆಸೇಜು ಬಂತು. ಆ ಅರ್ಧ ಗಂಟೆ ಕಾಯೋದು ಅಕ್ಕ. ಅವರ ಮಗ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು, ನಾಲ್ಕೂವರೆಗೆ ಬಂದು ಪಕ್ಕದ ಮನೆ ಜಗಲಿ ಮೇಲೆ ಕೂತಿರ್ತಾನಂತೆ, ಅಮ್ಮ ಬರೋವರೆಗೆ. ಆ ನೂರು ರೂಪಾಯಿ ಡೇಕೇರ್ ಖಾತೆಗಲ್ಲ, ಕಾದ ಅಕ್ಕನ ಕೈಗೆ ಅವತ್ತೇ ಹೋಗಬೇಕು ಅಂತ ಕೇಳಿದೆವು. ಮೇಡಂ ಒಪ್ಪಿದ್ದಾರೆ.

ನೀವು ಈಗ ಡೇಕೇರ್ ಹುಡುಕ್ತಾ ಇದ್ದರೆ ಫೀ ಎಷ್ಟು ಅನ್ನೋದರ ಜೊತೆಗೆ ಇನ್ನೂ ನಾಲ್ಕು ಮಾತು ಕೇಳಿ. ಒಬ್ಬ ಅಕ್ಕನಿಗೆ ಎಷ್ಟು ಮಕ್ಕಳು, ಅವರು ಎಷ್ಟು ತಿಂಗಳಿಂದ ಇದ್ದಾರೆ, ಅವರಿಗೆ ಸಂಬಳದ ರಜೆ ಇದೆಯಾ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಪೂರ್ತಿ ದಿನಕ್ಕೆ ಎಷ್ಟು. ಕೊನೇದು ಮರೀಬೇಡಿ, ಅಕ್ಟೋಬರ್ ಬಂದಾಗಲೇ ಗೊತ್ತಾಗೋದು. ಒಂದೂವರೆ ವರ್ಷದಿಂದ ಅದೇ ಅಕ್ಕ ಇದ್ದಾರೆ ಅಂದರೆ ಅಲ್ಲಿ 500 ರೂಪಾಯಿ ಜಾಸ್ತಿ ಕೊಡೋಕೆ ನಾನಂತೂ ರೆಡಿ.

ನಿಮ್ಮೂರಲ್ಲಿ ರೇಟು ಹೇಗಿದೆ? ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ಬರೆಯಿರಿ. ಎಷ್ಟು ಗಂಟೆಗೆ ಎಷ್ಟು, ಅದರಲ್ಲಿ ನೋಡ್ಕೊಳ್ಳೋರಿಗೆ ಎಷ್ಟು, ಎರಡನ್ನೂ ಬರೆಯಿರಿ.