ಡಚ್ ನಗರಚಿತ್ರ: ಬಾಗಿಲೇ ಹೇಳುವ ಅಂತಸ್ತು

ಆಮ್‌ಸ್ಟರ್‌ಡ್ಯಾಮ್‌ನ ಹೇರನ್‌ಗ್ರಾಖ್ಟ್ ಮತ್ತು ಕೈಜರ್ಸ್‌ಗ್ರಾಖ್ಟ್ ಕಾಲುವೆಗಳ ದಂಡೆಯ ಅಷ್ಟೂ ಮನೆಗಳ ಮುಂಭಾಗವನ್ನು ಕಲಾವಿದ ಕಾಸ್ಪರ್ ಫಿಲಿಪ್ಸ್ ಚಿತ್ರಿಸಿದರು. 1768ರಿಂದ 1771ರವರೆಗೆ ಈ ಮುದ್ರಣಚಿತ್ರಗಳು ಪ್ರಕಟವಾದವು. ಹೆಸರಿನಲ್ಲೇ ಠೀವಿ ಇದೆ: ಮೊದಲನೆಯದು ಧಣಿಗಳ ಕಾಲುವೆ, ಎರಡನೆಯದು ಚಕ್ರವರ್ತಿಯ ಕಾಲುವೆ.

ಅಲ್ಲಿ ನಿವೇಶನಗಳೇ ಕಿರಿದು. ಎರಡನ್ನು ಕೂಡಿಸಿ ಕಟ್ಟಿದ ಅಗಲದ ಮನೆ ಕಂಡರೆ ಭಾರಿ ಕುಳವೆಂದೇ ತಿಳಿಯಬೇಕು. ಆದರೆ ನಿಜವಾಗಿ ಗಮನಿಸಬೇಕಾದುದು ಬಾಗಿಲುಗಳನ್ನು. ಮೆಟ್ಟಿಲೇರಿ ತಲುಪುವ ಎತ್ತರದ ಬಾಗಿಲು ಮನೆಯವರಿಗೆ, ಅತಿಥಿಗಳಿಗೆ. ಅದೇ ಮೆಟ್ಟಿಲುಗಳ ಅಡಿಯ ತಗ್ಗು ಬಾಗಿಲು ಆಳುಗಳಿಗೆ.

ಕೆಲವೇ ಹೆಜ್ಜೆ ಪಶ್ಚಿಮಕ್ಕೆ, ಕುಶಲಕರ್ಮಿಗಳೂ ಕೂಲಿಕಾರರೂ ಕಿಕ್ಕಿರಿದು ಬದುಕಿದ್ದ ಯೋರ್ಡಾನ್ ಬಡಾವಣೆ. ಈ ಸಂಪುಟದಲ್ಲಿ ಅದಕ್ಕೆ ಒಂದು ಪುಟವೂ ದೊರೆಯಲಿಲ್ಲ.